ಕೆರೆಗೋಡು ಹೊಡೆದ ಹೊಲಕ್ಕೆ ರೈಜೋಬಿಯಂ ಹಾಕಿದ್ರೆ ಮಣ್ಣಿನ ವಿಷ ಹೋಗತ್ತಾ?

ಪ್ರಶ್ನೆ: ಸಾರ್, ನಮ್ದು ಕೋಲಾರದ ಹತ್ರ ಹಳ್ಳಿ. ಎರಡು ವರ್ಷದ ಹಿಂದೆ ಹೊಲಕ್ಕೆ ಕೆರೆಗೋಡು, ಅಂದ್ರೆ ಕೆರೆ ಹೂಳು, ಹೊಡೆಸಿದ್ವಿ. ಆ ಕೆರೆಗೆ ಚರಂಡಿ ನೀರು, ವರ್ಕ್‌ಶಾಪ್ ನೀರು ಎಲ್ಲಾ ಬರ್ತಿತ್ತು. ಈಗ ರಾಗಿ ಮಧ್ಯ ಅಕ್ಕಡಿ ಸಾಲಲ್ಲಿರೋ ಅವರೆ ಹಳದಿ ತಿರುಗ್ತಿದೆ, ಬೇರಲ್ಲಿ ಗಂಟೇ ಇಲ್ಲ. ರೈಜೋಬಿಯಂ ಪ್ಯಾಕೆಟ್ ಹಾಕಿದ್ರೆ ಮಣ್ಣಲ್ಲಿರೋ ವಿಷ ಹೋಗತ್ತೆ ಅಂತಾರೆ, ನಿಜಾನಾ?

ಉತ್ತರ: ಹೋಗಲ್ಲ ಸ್ವಾಮಿ. ಚರಂಡಿ, ವರ್ಕ್‌ಶಾಪ್ ನೀರಲ್ಲಿ ಬರೋ ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಇವೆಲ್ಲ ಭಾರಲೋಹ, ಮೂಲಧಾತುಗಳು. ಕೆಲವು ಕೀಟನಾಶಕಗಳನ್ನ ಬ್ಯಾಕ್ಟೀರಿಯಾ ತಿಂದು ಒಡೆದು ಹಾಕ್ತವೆ, ಆದ್ರೆ ಸೀಸಾನ ಎಷ್ಟು ಒಡೆದ್ರೂ ಸೀಸಾನೇ. ಹಾಗಂತ ಪ್ಯಾಕೆಟ್ ದಂಡ ಅಂತಲೂ ಅಲ್ಲ, ಅದ್ರ ಕೆಲಸ ಬೇರೆ. ರೈಜೋಬಿಯಂ ಅಂದ್ರೆ ಅವರೆ, ಕಡಲೆಕಾಯಿ ಥರದ ಗಿಡದ ಬೇರಲ್ಲಿ ಗಂಟು ಕಟ್ಟಿ, ಗಾಳೀಲಿರೋ ಸಾರಜನಕ ಹಿಡಿದು ಗಿಡಕ್ಕೆ ಕೊಡೋ ಬ್ಯಾಕ್ಟೀರಿಯಾ.

ಈ ಬ್ಯಾಕ್ಟೀರಿಯಾಗಳು ಮೈಸುತ್ತ ಒಂಥರಾ ಲೋಳೆ ಬಿಡ್ತವೆ, ಲೋಹ ಅದಕ್ಕೆ ಅಂಟಿಕೊಂಡು ಬೇರಿಗೆ ಹೋಗೋದು ಸ್ವಲ್ಪ ಕಮ್ಮಿ ಆಗತ್ತೆ. ಇನ್ನು ಕೆಲವು ವಿಷಕಾರಿ ಕ್ರೋಮಿಯಂನ ಅಷ್ಟಾಗಿ ಕರಗದೇ ಇರೋ ರೂಪಕ್ಕೆ ತಿರುಗಿಸ್ತವೆ. ಗಿಡಕ್ಕೆ ಕಷ್ಟ ಬಂದಾಗ ಒಳಗೆ ಎಥಿಲೀನ್ ಅನ್ನೋ ಗ್ಯಾಸ್ ಜಾಸ್ತಿ ಆಗಿ ಬೇರು ಬೆಳೆಯೋದೇ ನಿಂತೋಗತ್ತೆ, ಅದನ್ನ ತಗ್ಗಿಸೋ ಕಿಣ್ವ ಕೆಲವು ತಳಿಗಳಲ್ಲಿರತ್ತೆ, ಬೇರು ಉದ್ದ ಇಳಿದ್ರೆ ನೀರು ಸಿಗತ್ತೆ, ರಂಜಕ ಸಿಗತ್ತೆ, ಗಿಡ ತಡ್ಕೊಳತ್ತೆ. ಇಷ್ಟೇ ವಿಷ್ಯ, ಲೋಹ ಮಾತ್ರ ಹೊಲದಲ್ಲೇ ಇರತ್ತೆ.

ಇಲ್ಲೊಂದು ತಮಾಷೆ ಇದೆ, ಲೋಹ ಜಾಸ್ತಿ ಆದ್ರೆ ರೈಜೋಬಿಯಮ್ಮೇ ಸಾಯತ್ತೆ. ಇಂಗ್ಲೆಂಡಿನ ವೋಬರ್ನ್‌ನಲ್ಲಿ 1942ರಿಂದ 1961ರ ತನಕ ಲೋಹ ಇರೋ ಚರಂಡಿ ಕೆಸರು ಹಾಕಿದ ಹೊಲ ಒಂದಿದೆ. ಕೆಸರು ನಿಲ್ಲಿಸಿ 20 ವರ್ಷ ಕಳೆದ್ಮೇಲೆ ನೋಡಿದ್ರೆ ಕ್ಲೋವರ್ ಅನ್ನೋ, ಅವರೆ ಥರಾನೇ ಬೇರಲ್ಲಿ ಗಂಟು ಕಟ್ಟೋ ಮೇವಿನ ಗಿಡದಲ್ಲಿ ಗಂಟು ಇತ್ತು, ಆದ್ರೆ ಸಾರಜನಕ ಹಿಡಿಯೋ ತಾಕತ್ತಿರೋ ಬ್ಯಾಕ್ಟೀರಿಯಾ ಉಳಿದೇ ಇರ್ಲಿಲ್ಲ. ಅದಕ್ಕೇ ಇಂಥ ಮಣ್ಣಲ್ಲೇ ಬದುಕಿರೋ ಗಿಡದ ಗಂಟಿಂದ ತಳಿ ತೆಗೆದು ಬೆಳೆಸೋದು, ಅಂಗಡಿಲಿ ಸಿಗೋ ಮಾಮೂಲಿ ಪ್ಯಾಕೆಟ್‌ಗೆ ಆ ತಾಕತ್ತು ಇದ್ದೇ ಇರತ್ತೆ ಅನ್ನೋಕಾಗಲ್ಲ.

ಆದ್ರೆ ಮೊದ್ಲು ನಿಮ್ಮ ಹೊಲದಲ್ಲಿ ಲೋಹದ್ದೇ ತೊಂದ್ರೆನಾ ನೋಡ್ಕೊಳ್ಳಿ. ರಾಗಿಗೆ ಅಂತ ಯೂರಿಯಾ ಧಾರಾಳ ಎರಚಿದ್ರೂ ಅವರೆ ಗಂಟು ಕಟ್ಟಲ್ಲ, ಪುಕ್ಕಟೆ ಊಟ ಸಿಗುವಾಗ ಅಡುಗೆ ಯಾಕೆ ಮಾಡ್ಕೋಬೇಕು ಅಂತ. ಗಿಡ ಕೀಳ್ಬೇಡಿ, ಗಂಟೆಲ್ಲ ಉದುರಿ ಮಣ್ಣಲ್ಲೇ ಉಳಿಯತ್ತೆ. ಸುತ್ತ ಅಗೆದು ಎತ್ತಿ, ಗಂಟು ಸಿಕ್ರೆ ಉಗುರಲ್ಲಿ ಸೀಳಿ. ಒಳಗೆ ನಸುಗೆಂಪು ಇದ್ರೆ ಕೆಲಸ ಮಾಡ್ತಿದೆ, ಬೆಳ್ಳಗೆ ಇಲ್ಲಾ ಹಸಿರಾಗಿದ್ರೆ ಸುಮ್ನೆ ಕೂತಿದೆ ಅಂತ ಅರ್ಥ.

ಮಣ್ಣು ಆರೋಗ್ಯ ಕಾರ್ಡ್ ಇದೆ, ಎಲ್ಲಾ ಸರಿ ಇದೆ ಅಂತ ತುಂಬ ಜನ ಹೇಳ್ತಾರೆ. ಆ ಕಾರ್ಡಲ್ಲಿ 12 ಅಂಶ ಇರತ್ತೆ, ಸತು ತಾಮ್ರ ಬರತ್ತೆ, ಸೀಸ ಕ್ಯಾಡ್ಮಿಯಂ ಬರೋದೇ ಇಲ್ಲ. ಭಾರಲೋಹ ಟೆಸ್ಟ್ ಬೇಕು ಅಂತ ಬೇರೆ ಕೇಳಿ ಮಾಡಿಸ್ಬೇಕು. ಚರಂಡಿ ನೀರಲ್ಲಿರೋ ಲೋಹ ಬಹುಪಾಲು ಕೆಸರಲ್ಲೇ ಕೂರೋದು, ಹಾಗಾಗಿ ನೀರಿಗಿಂತ ಗೋಡಿನ ಸ್ಯಾಂಪಲ್ ಮುಖ್ಯ.

ರಿಪೋರ್ಟಲ್ಲಿ ರಸಸಾರ, ಅದೇ ಪಿಎಚ್, ಅದನ್ನೂ ನೋಡಿ. ಮಣ್ಣು ಹುಳಿ ಇದ್ರೆ ಕ್ಯಾಡ್ಮಿಯಂ ಜಾಸ್ತಿ ಕರಗತ್ತೆ, ಆಗ ಕೃಷಿ ಸುಣ್ಣ ಬೇಕು, ಕಡಲೆಕಾಯಿಗೆ ಹಾಕೋ ಜಿಪ್ಸಂ ಹುಳಿ ತೆಗೆಯಲ್ಲ. ಕೊಟ್ಟಿಗೆ ಗೊಬ್ಬರಾನೂ ಲೋಹ ಹಿಡ್ಕೊಳತ್ತೆ. ಇದಿಷ್ಟು ಮಾಡಿ ಆಮೇಲೆ ಮುಂದಿನ ಬಿತ್ತನೆಗೆ ರೈಜೋಬಿಯಂ. ಬೆಲ್ಲದ ನೀರು ಕಾಯಿಸಿ, ತಣ್ಣಗೆ ಆರಿಸಿ ಅದ್ರಲ್ಲಿ ಪುಡಿ ಕಲಸಿ, ಬೀಜಕ್ಕೆ ಲೇಪ ಮಾಡಿ, ನೆರಳಲ್ಲಿ ಒಣಗಿಸಿ ಅವತ್ತೇ ಬಿತ್ತಿ. ಬೂಷ್ಟಿನ ಔಷಧಿ ಹಾಕೋದಿದ್ರೆ ಅದು ಮೊದ್ಲು, ರೈಜೋಬಿಯಂ ಕೊನೆಗೆ, ಎರಡನ್ನೂ ಒಟ್ಟಿಗೆ ಕಲಸಿದ್ರೆ ಬ್ಯಾಕ್ಟೀರಿಯಾ ಸತ್ತೋಗತ್ತೆ.

ನನಗೆ ಜಾಸ್ತಿ ಭಯ ಇರೋದು ಗಿಡ ಚೆನ್ನಾಗಿ ಬಂದಾಗಲೇ. ಹಳದಿ ಗಿಡ ಆದ್ರೆ ನೀವೇ ಅನುಮಾನ ಪಡ್ತೀರಿ, ಹಸಿರಾಗಿ ಸೊಗಡು ಅವರೆ ಬಿಟ್ರೆ ಸೀದಾ ಮಾರ್ಕೆಟ್‌ಗೆ ಹೋಗತ್ತೆ. ಕಾಳಲ್ಲಿ ಕ್ಯಾಡ್ಮಿಯಂ ಇದ್ರೆ ಕಣ್ಣಿಗೂ ಕಾಣಲ್ಲ ಬಾಯಿಗೂ ಗೊತ್ತಾಗಲ್ಲ. ಕೆಲವು ಬ್ಯಾಕ್ಟೀರಿಯಾ ಅಂತೂ ಲೋಹಾನ ಕರಗಿಸಿ ಗಿಡಕ್ಕೆ ಜಾಸ್ತೀನೇ ಏರಿಸ್ತವೆ. ಬೇಳೆಕಾಳಿಗೆ ಕೋಡೆಕ್ಸ್, ಅಂದ್ರೆ ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ಮಾಡೋ ಸಂಸ್ಥೆ, ಇಟ್ಟಿರೋ ಕ್ಯಾಡ್ಮಿಯಂ ಮಿತಿ ಕೆಜಿಗೆ 0.1 ಮಿಲಿಗ್ರಾಂ, ಅದಕ್ಕೇ ಒಣಕಾಳನ್ನೂ ಒಮ್ಮೆ ಟೆಸ್ಟ್ ಮಾಡಿಸಿ, ಅಲ್ಲೀ ತನಕ ಹೊಟ್ಟನ್ನ ದನಕ್ಕೂ ಹಾಕ್ಬೇಡಿ. ಮಿತಿ ದಾಟಿದ್ರೆ ಆ ಗೋಡು ಬಿದ್ದಿರೋ ತಾಕಿಗೆ ಅವರೆ ಬೇಡ, ಕಾಯಿ ಮಣ್ಣೊಳಗೇ ಕಟ್ಟೋ ಕಡಲೆಕಾಯೀನೂ ಬೇಡ, ಚೆಂಡು ಹೂವು ಹಾಕಿ.