ಆ ವೇಗ ಬರೀ ಕೈಯದ್ದಲ್ಲ

ಅಮೆರಿಕದ ಹುಡುಗಿಯರು ಆಡುವ, ಬೇಸ್‌ಬಾಲ್ ಥರದ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್‌ನಲ್ಲಿ ಪಿಚರ್ (ಚೆಂಡು ಎಸೆಯುವವಳು) ಚೆಂಡನ್ನು ಸೊಂಟದ ಪಕ್ಕದಿಂದ, ಕೈ ಕೆಳಗೆ ಬಂದಾಗ ಬಿಡುತ್ತಾಳೆ. ಹೆಸರಲ್ಲೇ ‘ಸಾಫ್ಟ್’ ಇರುವುದರಿಂದ ನಿಧಾನದ ಆಟ ಅನ್ನಿಸಬಹುದು. ಆದರೆ 2012ರಲ್ಲಿ ಮೋನಿಕಾ ಆಬಟ್ ಎಸೆದ ಒಂದು ಚೆಂಡಿನ ವೇಗ ಗಂಟೆಗೆ 77 ಮೈಲಿ, ಅಂದರೆ ಸುಮಾರು 124 ಕಿಲೋಮೀಟರ್. 2025ರಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯದ ಕಾರ್ಲಿನ್ ಪಿಕೆನ್ಸ್ 79.4 ಮೈಲಿ ಮುಟ್ಟಿದರು.

ಇಂಥ ಅಂಕಿಗಳು ಕಿವಿಗೆ ಬಿದ್ದ ಮೇಲೆ ಹತ್ತು ವರ್ಷದ ಮಗುವಿನ ತಂದೆತಾಯಿಗೂ ಒಂದೇ ಪ್ರಶ್ನೆ: ನಮ್ಮವಳದು ಎಷ್ಟು ಮೈಲಿ? ಹೆಚ್ಚುಕಮ್ಮಿ ಹೇಳುವುದಾದರೆ ಹತ್ತರ ವಯಸ್ಸಿನಲ್ಲಿ 40ರ ಆಸುಪಾಸು, ಹದಿನಾಲ್ಕಕ್ಕೆ 50ರ ಮೇಲೆ, ಹೈಸ್ಕೂಲು ಮುಗಿಯುವ ಹೊತ್ತಿಗೆ ಚೆನ್ನಾಗಿ ಎಸೆಯುವವರಿಗೆ 60. ಆದರೆ ಬ್ಯಾಟು ಹಿಡಿದವಳಿಗೆ ಮೈಲಿ ಕಾಣುವುದಿಲ್ಲ. ಅವಳಿಗೆ ಸಿಗುವುದು ಸಮಯ ಅಷ್ಟೇ.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 60 ಮೈಲಿ ಅಂದರೆ ಸೆಕೆಂಡಿಗೆ 88 ಅಡಿ. ದೊಡ್ಡ ಹುಡುಗಿಯರ ಪಿಚಿಂಗ್ ದೂರ, ಅಂದರೆ ಎಸೆಯುವ ಜಾಗದಿಂದ ಬ್ಯಾಟಿಂಗ್ ಜಾಗದವರೆಗೆ, 43 ಅಡಿ. ಪಿಚರ್ ಮುಂದಕ್ಕೆ ಹಾರಿ ಹೆಜ್ಜೆ ಇಡುವುದರಿಂದ ಚೆಂಡು ನಿಜವಾಗಿ ಹಾರುವುದು ಸುಮಾರು 37 ಅಡಿ. ಹಾಗಾದರೆ ಬ್ಯಾಟರ್‌ಗೆ ಸಿಗುವುದು 0.42 ಸೆಕೆಂಡು. ಬೇಸ್‌ಬಾಲ್‌ನಲ್ಲಿ 90 ಮೈಲಿಯ ಚೆಂಡು ಸುಮಾರು 55 ಅಡಿ ಹಾರುವುದಕ್ಕೂ ಹೆಚ್ಚುಕಮ್ಮಿ ಇಷ್ಟೇ ಸಮಯ!

ವಯಸ್ಸಿನ ಜೊತೆ ದೂರವೂ ಬೆಳೆಯುತ್ತದೆ. ಹತ್ತರೊಳಗಿನವರಿಗೆ 35 ಅಡಿ, ಹನ್ನೆರಡರೊಳಗಿನವರಿಗೆ 40, ಆಮೇಲೆ 43. ಹತ್ತು ದಾಟುತ್ತಲೇ ಚೆಂಡಿನ ಸುತ್ತಳತೆಯೂ 11 ಇಂಚಿನಿಂದ 12 ಇಂಚಿಗೆ ಏರುತ್ತದೆ, ಅಂಗೈ ಇನ್ನೂ ಚಿಕ್ಕದಾಗಿರುವಾಗಲೇ. ಹಾಗಾಗಿ ಹೋದ ವರ್ಷ ಎಲ್ಲರನ್ನೂ ಔಟ್ ಮಾಡುತ್ತಿದ್ದ ಹುಡುಗಿ ಈ ವರ್ಷ ಹೊಡೆಸಿಕೊಂಡರೆ ಅವಳ ವೇಗ ಕುಸಿದಿದೆ ಎಂದು ಗಾಬರಿಯಾಗಬೇಕಿಲ್ಲ. ದೂರ ಜಾಸ್ತಿಯಾಗಿದೆ, ಅಷ್ಟೇ.

ಇನ್ನು ವೇಗ ಹುಟ್ಟುವುದು ಎಲ್ಲಿ? ನೋಡುವವರ ಕಣ್ಣು ಗಿರಗಿರ ತಿರುಗುವ ತೋಳಿನ ಮೇಲೇ ಇರುತ್ತದೆ. ನಾನಾದರೆ ಮೊದಲು ಕಾಲು ನೋಡಿ ಎನ್ನುತ್ತೇನೆ. ಪಿಚರ್ ನೆಲವನ್ನು ಒದ್ದು ಮುಂದೆ ಚಿಮ್ಮುತ್ತಾಳೆ. ಮುಂದಿನ ಕಾಲು ಊರಿ ಬಿಗಿಯಾಗುತ್ತದೆ. ಓಡುವ ಬಸ್ಸು ಗಕ್ಕನೆ ನಿಂತಾಗ ಒಳಗಿದ್ದವರು ಮುಂದಕ್ಕೆ ವಾಲುತ್ತಾರೆ, ಅಲ್ವಾ? ಹಾಗೆಯೇ ಕೆಳಗಿನ ಮೈ ತಡೆದು ನಿಂತಾಗ ಅದರ ರಭಸ ಸೊಂಟಕ್ಕೆ, ಬೆನ್ನಿಗೆ, ಅಲ್ಲಿಂದ ತೋಳಿಗೆ ದಾಟುತ್ತದೆ. ಚಾಟಿಯ ಹಿಡಿ ನಿಂತರೂ ತುದಿ ಛಟಾರ್ ಎನ್ನುವ ಹಾಗೆ. ಕೊನೆಗೆ ಮುಂಗೈ ಸೊಂಟಕ್ಕೆ ಸವರಿಕೊಂಡು ಬರುವಾಗ ಮೇಲ್ತೋಳಿನ ವೇಗ ಇಳಿಯುತ್ತದೆ, ಮುಂಗೈ ಮಾತ್ರ ಒಳಮುಖವಾಗಿ ತಿರುಗುತ್ತಾ ಇನ್ನಷ್ಟು ಜೋರಾಗುತ್ತದೆ. ಮಣಿಕಟ್ಟಿನ ಚಿಮ್ಮು ಈ ಸರಪಳಿಯ ಕೊನೆಯ ಕೊಂಡಿ. ಸುಮ್ನೆ ನಿಂತು ಮಣಿಕಟ್ಟನ್ನಷ್ಟೇ ಚಿಮ್ಮಿಸುವ ಅಭ್ಯಾಸದಿಂದ ಜಾಸ್ತಿ ವೇಗ ಬರುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಚೆಂಡಿನ ವೇಗ ಅಳೆಯುವ ರಾಡಾರ್ ಗನ್ ಹೇಳುವ ಅಂಕಿಯನ್ನೂ ಸ್ವಲ್ಪ ತಡೆದು ನಂಬಬೇಕು. ಚೆಂಡಿನ ವೇಗ ಕೈ ಬಿಟ್ಟ ಕೂಡಲೇ ಅತಿ ಹೆಚ್ಚು. ಗಾಳಿ ತಡೆಯುವುದರಿಂದ ಬ್ಯಾಟರ್ ಹತ್ತಿರ ಬರುವಷ್ಟರಲ್ಲಿ ಸುಮಾರು ಹತ್ತನೇ ಒಂದು ಪಾಲು ಹೋಗಿರುತ್ತದೆ. ಗನ್ ಹಿಡಿದವರು ಚೆಂಡಿನ ದಾರಿಗೆ 20 ಡಿಗ್ರಿ ಓರೆಯಾಗಿ ನಿಂತರೆ 60 ಮೈಲಿ 56 ಎಂದು ಕಾಣುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಬೇರೆ ವಿಷಯ. ಕೈ ಕೆಳಗಿನ ಎಸೆತ ಸಹಜ, ಅದರಿಂದ ನೋವಾಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅಳತೆ ಮಾಡಿ ನೋಡಿದ ಅಧ್ಯಯನಗಳಲ್ಲಿ ಈ ಎಸೆತ ಭುಜದ ಕೀಲನ್ನು ಹೆಚ್ಚುಕಮ್ಮಿ ಮೈತೂಕದಷ್ಟು ಬಲದಿಂದ ಎಳೆಯುವುದು ಕಂಡುಬಂದಿದೆ. ಬೇಸ್‌ಬಾಲ್ ಎಸೆತಕ್ಕೆ ಹೋಲಿಸಬಹುದಾದ ಎಳೆತ ಅದು. ಬೆಳೆಯುವ ವಯಸ್ಸಿನಲ್ಲಿ ಮೂಳೆಗಳ ತುದಿ ಇನ್ನೂ ಮೆತ್ತಗೆ, ಬೆಳೆಯುತ್ತಲೇ ಇರುತ್ತದೆ. ಮಕ್ಕಳ ಆಟ ನಡೆಸುವ ಸಂಸ್ಥೆ ಲಿಟಲ್ ಲೀಗ್‌ನ ಬೇಸ್‌ಬಾಲ್‌ನಲ್ಲಿ 2007ರಿಂದ ಮಕ್ಕಳ ಎಸೆತ ಎಣಿಸಿ ಮಿತಿ ಹಾಕುತ್ತಾರೆ. ಸಾಫ್ಟ್‌ಬಾಲ್‌ನಲ್ಲಿ ವಾರಾಂತ್ಯದ ಟೂರ್ನಿಯೊಂದರಲ್ಲಿ ಒಬ್ಬಳೇ ಹುಡುಗಿ ಪಂದ್ಯದ ಮೇಲೆ ಪಂದ್ಯ ಎಸೆಯುವುದು ಮಾಮೂಲು.

ದಣಿವು ಮೊದಲು ಕಾಲಿನಲ್ಲೇ ಕಾಣಬಹುದು. ಹೆಜ್ಜೆ ಮೋಟಾಗುತ್ತದೆ, ಕಾಲು ಕೊಡದ್ದನ್ನು ತೋಳು ತುಂಬಿಸಲು ಹೋಗುತ್ತದೆ. ಅಂಥ ಹೊತ್ತಿನಲ್ಲೂ ಗನ್‌ನಲ್ಲಿ ಮೊದಲಿನ ಅಂಕಿಯೇ ಬರುತ್ತಿರಬಹುದು.