ಗೀಸರಿನ ವಯಸ್ಸು ಕೇಳಬೇಡಿ, ಕಡ್ಡಿ ನೋಡಿ

ನನ್ನ ಮೇಜಿನ ಮೇಲೆ ಒಂದು ಕಡ್ಡಿ ಬಿದ್ದಿದೆ. ಚೀಪಿ ಬಿಟ್ಟ ನುಗ್ಗೇಕಾಯಿಯ ಹಾಗಿದೆ. ನಡುವೆ ತೆಳ್ಳನೆಯ ಉಕ್ಕಿನ ತಂತಿ, ಅದರ ಮೇಲೆ ಅಲ್ಲಲ್ಲಿ ಬೂದು ಬಣ್ಣದ ಹಕ್ಕಳೆ. ಹೊಸದಾಗಿದ್ದಾಗ ಇದು ಹೆಬ್ಬೆರಳು ಗಾತ್ರದ ಮೆಗ್ನೀಸಿಯಂ ಕೋಲು, ಆನೋಡ್ ರಾಡ್ ಎನ್ನುತ್ತಾರೆ. ಹೋದ ತಿಂಗಳು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಅಕ್ಕನ ಮನೆಯ ಗೀಸರ್ ಬಿಚ್ಚಿದಾಗ ಒಳಗಿಂದ ಬಂತು.

ಆ ಗೀಸರಿಗೆ ಹನ್ನೊಂದು ವರ್ಷ. ನೀರು ಕಾಯುತ್ತಿಲ್ಲ ಎಂದು ಕರೆಸಿದ ಮೆಕ್ಯಾನಿಕ್ ಮುಚ್ಚಳಕ್ಕೆ ಕೈ ಹಾಕುವ ಮೊದಲೇ "ಹತ್ತು ವರ್ಷ ದಾಟಿದೆಯಲ್ಲ ಮೇಡಂ, ಇದರ ಕಾಲ ಮುಗೀತು, ಹೊಸದು ಹಾಕಿಸಿಬಿಡಿ" ಅಂದರಂತೆ. ಭಾವ ಅವತ್ತೇ ಅಂಗಡಿಗೆ ಹೊರಟಿದ್ದರು. ಶನಿವಾರ ಕಬ್ಬಿಣದ ಸಾಮಾನು ಮನೆಗೆ ತರಬಾರದು ಎಂದು ಅಕ್ಕನ ಅತ್ತೆ ತಡೆದರು. ಹಾಗಾಗಿ ನಡುವೆ ಒಂದು ಭಾನುವಾರ ಸಿಕ್ಕಿತು. ಎಲೆಕ್ಟ್ರಿಷಿಯನ್ ಗೆಳೆಯನನ್ನು ಕರೆದುಕೊಂಡು ನಾನು ಹೋದೆ.

ಶನಿವಾರಕ್ಕೂ ತುಕ್ಕಿಗೂ ಸಂಬಂಧವಿಲ್ಲ ಎಂದು ಹೇಳಿದರೆ ಈಗಿನವರು ಸುಲಭವಾಗಿ ಒಪ್ಪುತ್ತಾರೆ. ಹತ್ತು ವರ್ಷಕ್ಕೂ ತುಕ್ಕಿಗೂ ನೇರ ಸಂಬಂಧವಿಲ್ಲ ಎಂದರೆ ಒಪ್ಪುವುದಿಲ್ಲ. ನನ್ನ ಲೆಕ್ಕದಲ್ಲಿ ಎರಡೂ ಕ್ಯಾಲೆಂಡರ್ ನೋಡಿ ಲೋಹದ ಹಣೆಬರಹ ಹೇಳುವ ಕೆಲಸವೇ. ಟ್ಯಾಂಕಿನ ಆಯುಷ್ಯ ನಿಂತಿರುವುದು ಈ ಕಡ್ಡಿ ಎಷ್ಟು ಉಳಿದಿದೆ ಎಂಬುದರ ಮೇಲೆ.

ಗೀಸರಿನ ಟ್ಯಾಂಕು ಸಾಮಾನ್ಯವಾಗಿ ಉಕ್ಕಿನದು, ಒಳಗೆ ಗಾಜಿನಂಥ ಲೇಪ. ಅಜ್ಜಿಯ ಕಾಲದಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರಲ್ಲ, ಉದ್ದೇಶ ಹೆಚ್ಚುಕಡಿಮೆ ಅದೇ: ಲೋಹಕ್ಕೂ ಒಳಗಿರುವ ಪದಾರ್ಥಕ್ಕೂ ನಡುವೆ ಒಂದು ಪರದೆ. ಆದರೆ ಯಾವ ಪರದೆಯೂ ಪೂರ್ತಿ ಮುಚ್ಚುವುದಿಲ್ಲ. ದಿನವೂ ಕಾದು ಆರುವಾಗ ಉಕ್ಕು ಹಿಗ್ಗುವ ಅಳತೆ ಬೇರೆ, ಗಾಜು ಹಿಗ್ಗುವ ಅಳತೆ ಬೇರೆ. ಕೂದಲೆಳೆಯಂಥ ಬಿರುಕು, ಸೂಜಿಮೊನೆಯಂಥ ತೂತು ಇದ್ದೇ ಇರುತ್ತವೆ. ಅಲ್ಲಿ ನೀರು ಕಬ್ಬಿಣವನ್ನು ಮುಟ್ಟುತ್ತದೆ.

ಕಡ್ಡಿಯ ಕೆಲಸ ಇಲ್ಲಿ ಶುರುವಾಗುತ್ತದೆ, ಮತ್ತು ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ. ತುಕ್ಕು ಹಿಡಿಯುವುದೆಂದರೆ ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದು. ಯಾವ ಲೋಹ ಎಷ್ಟು ಧಾರಾಳಿ ಎಂಬುದನ್ನು ವೋಲ್ಟಿನಲ್ಲಿ ಅಳೆದಿಟ್ಟಿದ್ದಾರೆ: ತಾಮ್ರ +0.34, ಕಬ್ಬಿಣ -0.44, ಸತು -0.76, ಮೆಗ್ನೀಸಿಯಂ -2.37. ಸಂಖ್ಯೆ ಕೆಳಗಿಳಿದಷ್ಟೂ ಕೈ ಸಡಿಲ. ಕಡ್ಡಿಯನ್ನು ಟ್ಯಾಂಕಿಗೇ ತಿರುಪಿನಿಂದ ಬಿಗಿದಿರುವುದರಿಂದ ಮೆಗ್ನೀಸಿಯಂ ಬಿಟ್ಟ ಎಲೆಕ್ಟ್ರಾನುಗಳು ಲೋಹದ ಮೂಲಕ ಕಬ್ಬಿಣಕ್ಕೆ ಹರಿಯುತ್ತವೆ, ನೀರಿನಲ್ಲಿರುವ ಅಯಾನುಗಳು (ವಿದ್ಯುದಾವೇಶ ಹೊತ್ತ ಕಣಗಳು) ವಿದ್ಯುತ್ ಮಂಡಲವನ್ನು ಪೂರ್ತಿ ಮಾಡುತ್ತವೆ. ತೂತಿನ ಹತ್ತಿರ ಬಂದ ಆಮ್ಲಜನಕಕ್ಕೆ ಆ ಎಲೆಕ್ಟ್ರಾನುಗಳೇ ಸಿಗುತ್ತವೆ. ಕಬ್ಬಿಣ ತನ್ನದನ್ನು ಕೊಡಬೇಕಾಗಿಯೇ ಇಲ್ಲ.

ಕೋಲಾರದ ಕಡೆ ಟೊಮೇಟೊ ಸಾಲುಗಳ ನಡುವೆ ಚೆಂಡು ಹೂ ಹಾಕಿರುವುದನ್ನು ನೋಡಿರಬಹುದು. ಕಾಯಿಕೊರಕದ ಪತಂಗ ಆ ಹೂವಿನತ್ತ ಹೋಗಿ ಮೊಟ್ಟೆ ಇಡುತ್ತದೆ, ಟೊಮೇಟೊ ಬಹುಪಾಲು ಉಳಿಯುತ್ತದೆ. ಮೆಗ್ನೀಸಿಯಂ ಟ್ಯಾಂಕಿನ ಚೆಂಡು ಹೂ. ಮನೆಗೆ ಸಾಲ ಕೊಟ್ಟವರು ಬಂದಾಗ ತಮ್ಮಂದಿರನ್ನು ಒಳಗೆ ಕೂರಿಸಿ ತಾನೇ ಜೇಬು ಬರಿದು ಮಾಡಿಕೊಳ್ಳುವ ಹಿರಿಯಣ್ಣ ಎಂದರೂ ಸರಿ. ದೃಷ್ಟಿಬೊಂಬೆಗೆ ಹೋಲಿಸಲು ಮಾತ್ರ ನನಗೆ ಮನಸ್ಸಿಲ್ಲ. ಕಟ್ಟಡದ ಮುಂದೆ ತೂಗುಹಾಕಿದ ಬೊಂಬೆ ಏನನ್ನು ತಡೆಯಿತು ಎಂದು ಯಾರೂ ಅಳೆದು ತೋರಿಸಲಾರರು. ಈ ಕಡ್ಡಿಯನ್ನು ತಕ್ಕಡಿಗೆ ಹಾಕಿ, ಎಷ್ಟು ಕರಗಿತು ಎಂದು ಗ್ರಾಂ ಲೆಕ್ಕದಲ್ಲಿ ಹೇಳಬಹುದು.

ಈ ಉಪಾಯವನ್ನು ಮೊದಲು ಬಳಕೆಗೆ ತಂದದ್ದು ಹಡಗಿನಲ್ಲಿ. ಬ್ರಿಟಿಷ್ ನೌಕಾದಳದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು, ಸಮುದ್ರದ ನೀರು ಅದನ್ನು ತಿಂದುಹಾಕುತ್ತಿತ್ತು. 1824ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ತಗಡಿಗೆ ಕಬ್ಬಿಣ ಅಥವಾ ಸತುವಿನ ತುಂಡು ಸೇರಿಸಿದರೆ ತಾಮ್ರ ಸವೆಯುವುದು ನಿಲ್ಲುತ್ತದೆ ಎಂದು ತೋರಿಸಿದರು. ಪ್ರಯೋಗಕ್ಕೆ ಸಿಕ್ಕ ಹಡಗುಗಳಲ್ಲಿ ಸಮರಾಂಗ್ ಎಂಬುದೂ ಒಂದು, ಅದನ್ನು ಕಟ್ಟಿದ್ದು ಭಾರತದಲ್ಲಿ. ತಾಮ್ರವೇನೋ ಉಳಿಯಿತು. ಆದರೆ ತಾಮ್ರ ಕರಗಿ ನೀರಿಗೆ ಸೇರುತ್ತಿದ್ದುದರಿಂದಲೇ ಚಿಪ್ಪುಜೀವಿಗಳೂ ಪಾಚಿಯೂ ಹಡಗಿಗೆ ಅಂಟದೆ ದೂರವಿದ್ದವು! ಕರಗುವುದು ನಿಂತದ್ದೇ ಅವು ತಳಕ್ಕೆ ಮೆತ್ತಿಕೊಂಡವು, ಹಡಗಿನ ವೇಗ ಕುಸಿಯಿತು, ಕೊನೆಗೆ ನೌಕಾದಳ ಈ ಉಪಾಯವನ್ನು ಕೈಬಿಟ್ಟಿತು. ಡೇವಿಗೆ ಅದು ದೊಡ್ಡ ಮುಖಭಂಗ. ಅವರ ರಸಾಯನಶಾಸ್ತ್ರದಲ್ಲಿ ತಪ್ಪಿರಲಿಲ್ಲ. ಇವತ್ತು ನಮ್ಮ ಬಚ್ಚಲುಮನೆಯಲ್ಲಿ ಕೆಲಸ ಮಾಡುತ್ತಿರುವುದು ಅದೇ.

"ಅಜ್ಜಿ ಮನೆ ತಾಮ್ರದ ಬಾಯ್ಲರ್ ಮೂರು ತಲೆಮಾರು ಬಂತು, ಈಗಿನದು ಹತ್ತು ವರ್ಷಕ್ಕೇ ಸಾಯುತ್ತೆ" ಎನ್ನುವವರಿಗೆ ಉತ್ತರವೂ ಮೇಲಿನ ಸಂಖ್ಯೆಗಳಲ್ಲೇ ಇದೆ. ತಾಮ್ರ ಕೈ ಬಿಗಿ ಹಿಡಿದ ಲೋಹ. ಜೊತೆಗೆ ನೀರು ತುಂಬುವ ಹಬ್ಬಕ್ಕೆಂದು ವರ್ಷಕ್ಕೊಮ್ಮೆಯಾದರೂ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುತ್ತಿದ್ದರು. ಗೀಸರನ್ನು ಗೋಡೆಗೆ ಹೊಡೆದ ದಿನದಿಂದ ನಾವು ಒಮ್ಮೆಯೂ ಬಿಚ್ಚಿ ನೋಡುವುದಿಲ್ಲ.

ಅಕ್ಕನ ಮನೆಗೆ ಬರುವುದು ಬೋರ್‌ವೆಲ್ ನೀರು. ಲಾಲ್‌ಬಾಗಿನ ಬಂಡೆಯನ್ನು ನೋಡಿದವರಿಗೆ ಬೆಂಗಳೂರಿನ ಅಡಿಪಾಯ ಎಂಥದ್ದು ಎಂದು ಗೊತ್ತು: ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ ಎಂಬ ಜಾತಿಯ ಶಿಲೆ. ಮಳೆನೀರು ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗಿ, ಕಲ್ಲಿನೊಳಗಿನ ಕ್ಯಾಲ್ಸಿಯಂ ಕರಗಿಸಿಕೊಂಡು ಕೊಳವೆಬಾವಿಗೆ ಇಳಿಯುತ್ತದೆ. ಕಾಯಿಸಿದರೆ ಆ ಗಾಳಿ ಹೊರಟುಹೋಗಿ ಸುಣ್ಣದ ಕಲ್ಲು ಉಳಿಯುತ್ತದೆ. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರು ದಿನಕ್ಕೆ 60 ಲೀಟರ್ ಗೀಸರಿನೊಳಗೆ ಹಾದುಹೋದರೆ ಅದು ಹೊತ್ತು ತರುವ ಸುಣ್ಣ ದಿನಕ್ಕೆ 24 ಗ್ರಾಂ, ವರ್ಷಕ್ಕೆ ಸುಮಾರು 8.8 ಕಿಲೊ. ಅದರಲ್ಲಿ ಒಂದು ಪಾಲು ಮಾತ್ರ ಒಳಗೆ ಕಟ್ಟಿಕೊಂಡರೂ ಸಾಕು. ಇಂಥ ನೀರಿನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುವುದರಿಂದ ಕಡ್ಡಿಯೂ ಬೇಗ ಕರಗುತ್ತದೆ. ಕಾವೇರಿ ನೀರಿನ ಮನೆಗೂ ಟ್ಯಾಂಕರ್ ನೀರಿನ ಮನೆಗೂ ಒಂದೇ ಆಯುಷ್ಯ ಹೇಳುವುದು ಹೇಗೆ?

ಸುಣ್ಣ ಕಟ್ಟಿದ ಕಾಯಿಲ್ ಹೆಚ್ಚು ಕರೆಂಟ್ ಎಳೆಯುತ್ತದೆ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ತಪ್ಪು. ಹೊಗೆಗೂಡಿನಿಂದ ಶಾಖ ಹೊರಹೋಗುವ ಸೌದೆಯ ಬಾಯ್ಲರಿಗೆ, ಕಾರ್ಖಾನೆಯ ಬಾಯ್ಲರಿಗೆ ಸುಣ್ಣ ನಿಜಕ್ಕೂ ನಷ್ಟ. ನೀರಿನಲ್ಲೇ ಮುಳುಗಿರುವ ಕಾಯಿಲ್‌ನ ಶಾಖಕ್ಕೆ ನೀರು ಬಿಟ್ಟರೆ ಬೇರೆ ದಾರಿಯಿಲ್ಲ. 2 ಕಿಲೊವ್ಯಾಟ್ ಕಾಯಿಲ್ ಸುಣ್ಣವಿದ್ದರೂ 2 ಕಿಲೊವ್ಯಾಟೇ. 15 ಲೀಟರ್ ನೀರನ್ನು 22 ಡಿಗ್ರಿಯಿಂದ 60ಕ್ಕೆ ಏರಿಸಲು ಆಗಲೂ ಈಗಲೂ ಹೆಚ್ಚುಕಡಿಮೆ 20 ನಿಮಿಷ. ಕೆಡುವುದು ಕಾಯಿಲ್. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ರಸ್ತೆ ಕಿರಿದಾದರೆ ಬರುವ ಗಾಡಿಗಳು ಕಡಿಮೆಯಾಗುವುದಿಲ್ಲ, ಹಿಂದಿನ ಸಾಲು ಉದ್ದವಾಗುತ್ತದೆ. ಕಾಯಿಲ್‌ನ ಒಳಗೆ ಹಾಗೆ ಶಾಖ ಸಾಲುಗಟ್ಟಿ, ಕಾಯಿಲ್ ತಾನೇ ಸುಟ್ಟು ಒಡೆಯುತ್ತದೆ. ಅಕ್ಕನ ಮನೆಯಲ್ಲಿ ಆಗಿದ್ದೂ ಇದೇ. ಹೊಸ ಕಾಯಿಲ್, ಗ್ಯಾಸ್ಕೆಟ್, ಕಡ್ಡಿ ಮೂರೂ ಸೇರಿ ಹೊಸ ಗೀಸರಿನ ಬೆಲೆಯ ಒಂದು ಸಣ್ಣ ಪಾಲು. ಟಾರ್ಚ್ ಹಿಡಿದು ನೋಡಿದರೆ ಟ್ಯಾಂಕಿನ ಒಳಮೈ ಇನ್ನೂ ಹೊಳೆಯುತ್ತಿತ್ತು. ಕಡ್ಡಿ ಮುಗಿಯುವ ಹಂತದಲ್ಲಿತ್ತು, ಮುಗಿದಿರಲಿಲ್ಲ.

ಹಾಗಾಗಿ ಕಾಯಿಲ್, ಥರ್ಮೋಸ್ಟಾಟ್, ವಾಲ್ವು ಕೆಟ್ಟರೆ ರಿಪೇರಿ ಮಾಡಿಸಿ. ಸ್ವಿಚ್ ಹಾಕಿದ ಕೂಡಲೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸುರಕ್ಷತಾ ಸಾಧನ) ಬೀಳುತ್ತಿದ್ದರೆ ಬಹುತೇಕ ಕಾಯಿಲ್ ಸೀಳಿರುತ್ತದೆ. ಅದೂ ರಿಪೇರಿಯೇ. ಆದರೆ ಅಲ್ಲಿಯವರೆಗೆ ದಯವಿಟ್ಟು ಯಾರೂ ಆ ಸ್ವಿಚ್ ಮುಟ್ಟಬೇಡಿ, ಅರ್ತ್ ವೈರ್ ಕಿತ್ತು ಕೆಲಸ ಸಾಗಿಸುವವರನ್ನು ಮನೆಯೊಳಗೆ ಬಿಡಬೇಡಿ. ನೀರು ಕಾಯುವಾಗ ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕುವುದನ್ನು ಲೀಕ್ ಎಂದುಕೊಂಡು ಇಡೀ ಗೀಸರನ್ನೇ ಎಸೆದವರನ್ನು ನೋಡಿದ್ದೇನೆ. 20ರಿಂದ 60 ಡಿಗ್ರಿಗೆ ಏರುವಾಗ 15 ಲೀಟರ್ ನೀರು ಸುಮಾರು ಕಾಲು ಲೀಟರ್ ಹಿಗ್ಗುತ್ತದೆ. ಅದು ಎಲ್ಲಿಗಾದರೂ ಹೋಗಬೇಕಲ್ಲ!

ಹೆಚ್ಚು ಸ್ಟಾರ್ ಇದೆ ಎಂಬ ಒಂದೇ ಕಾರಣಕ್ಕೆ ಬದಲಾಯಿಸುವುದನ್ನೂ ನಾನು ಒಪ್ಪುವುದಿಲ್ಲ. ಗೀಸರಿನ ಸ್ಟಾರ್ ಅಳೆಯುವುದು ಕಾದ ನೀರು ಸುಮ್ಮನೆ ನಿಂತಾಗ ಎಷ್ಟು ಶಾಖ ಸೋರುತ್ತದೆ ಎಂಬುದನ್ನು. ದಿನವಿಡೀ ಸ್ವಿಚ್ ಹಾಕಿಡುವ ಮನೆಗೆ ಅದು ದೊಡ್ಡ ಉಳಿತಾಯ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿ ಆರಿಸುವ ಮನೆಗೆ ಸಣ್ಣದು.

ಬದಲಾಯಿಸಲೇಬೇಕಾದ್ದು ಟ್ಯಾಂಕು ತೂತಾದಾಗ. ಅಕ್ಕನ ಮಹಡಿಯ ಬಾಡಿಗೆಯವರದು ಆರೇ ವರ್ಷದ ಗೀಸರು, ಅದೇ ಬೋರ್‌ವೆಲ್ ನೀರು. ಕೆಳಗಿನ ಅಂಚಿನಲ್ಲಿ ಕೆಮ್ಮಣ್ಣಿನ ಬಣ್ಣದ ಹನಿ ಬೀಳುತ್ತಿತ್ತು. ಎಂ-ಸೀಲ್ ಮೆತ್ತಿದ್ದರು, ಎರಡು ದಿನಕ್ಕೆ ಪಕ್ಕದಲ್ಲೇ ಇನ್ನೊಂದು ಕಡೆ ಒಸರಿತು. ಬಿಚ್ಚಿದರೆ ಉಕ್ಕಿನ ತಂತಿ ಮಾತ್ರ ಇತ್ತು, ಮೆಗ್ನೀಸಿಯಂ ಒಂದು ಚೂರೂ ಇರಲಿಲ್ಲ. ಅದು ಗುಜರಿಗೆ ಹೋಯಿತು. ಹೊಸದು ಕೊಳ್ಳುವಾಗ ನಾನೂ ಜೊತೆಗಿದ್ದೆ. ಇದರಲ್ಲಿ ಆನೋಡ್ ರಾಡ್ ಇದೆಯೇ, ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯವರು ಹದಿನೈದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಎನ್ನುತ್ತಲೇ ಹಿಂದಿನ ಗೋಡೌನಿನಿಂದ ಒಂದನ್ನು ಹುಡುಕಿ ತಂದರು. ಎರಡೂ ಗೀಸರುಗಳ ಹೊರಮೈ ಮೇಲೆ ಈಗ ಮಾರ್ಕರಿನಲ್ಲಿ ಕಡ್ಡಿ ಹಾಕಿದ ತಿಂಗಳು, ವರ್ಷ ಬರೆದಿದ್ದೇವೆ. ಮುಂದಿನ ನೀರು ತುಂಬುವ ಹಬ್ಬಕ್ಕೆ ಬಿಚ್ಚಿ ನೋಡುವುದು ಎಂದಾಗಿದೆ.