ಹಳೇ ಡೂಮ್ ಲೆವೆಲ್ ಹಾಕಿದರೂ ಮೂಲ ಆಟವೇ ಯಾಕೆ ಶುರುವಾಗುತ್ತೆ?

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಗೆಳೆಯರಿಂದ ತಗೊಂಡಿದ್ದ, ಡೂಮ್ ಎಂಬ ರಾಕ್ಷಸರನ್ನು ಹೊಡೆಯೋ ಹಳೇ ಕಂಪ್ಯೂಟರ್ ಆಟದ ಲೆವೆಲ್‌ಗಳ ಸಿಡಿ ಸಿಕ್ಕಿದೆ. ಈಗಿನ ಕಂಪ್ಯೂಟರ್‌ನಲ್ಲಿ ಡೂಮ್ ಓಡಿಸೋ ಎಂಜಿನ್ ಆದ ಜಿಝೆಡ್‌ಡೂಮ್ ಮೇಲೆ ವ್ಯಾಡ್ ಫೈಲ್ (ಲೆವೆಲ್ ಇರುವ ಫೈಲ್) ಎಳೆದು ಬಿಟ್ಟರೆ ಮೂಲ ಆಟದ ಮೊದಲ ಲೆವೆಲ್ಲೇ ಬರುತ್ತದೆ. ಫೈಲ್ ಕೆಟ್ಟಿದೆಯಾ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬಹುಶಃ ಕೆಟ್ಟಿಲ್ಲ. ಲೆವೆಲ್ ಹೆಸರು ಹೊಂದುತ್ತಿಲ್ಲ, ಅಷ್ಟೇ.

1993ರ ಡೂಮ್‌ನಲ್ಲಿ ಲೆವೆಲ್‌ಗಳ ಹೆಸರು ಇ1ಎಂ1, ಇ1ಎಂ2 ಹೀಗೆ ಹೋಗುತ್ತವೆ. 1994ರ ಡೂಮ್ 2ರಲ್ಲಿ ಮ್ಯಾಪ್01, ಮ್ಯಾಪ್02. ಅಭಿಮಾನಿಗಳ ವ್ಯಾಡ್‌ನಲ್ಲಿ ಸಾಮಾನ್ಯವಾಗಿ ಇಡೀ ಆಟ ಇರಲ್ಲ. ಅದೇ ಹೆಸರಿನ ಹೊಸ ಲೆವೆಲ್ ಇರುತ್ತದೆ, ಎಂಜಿನ್ ಅದನ್ನು ಮೂಲ ಲೆವೆಲ್ ಜಾಗದಲ್ಲಿ ಕೂರಿಸುತ್ತದೆ. ನಿಮ್ಮ ಹತ್ತಿರ ಮೊದಲ ಡೂಮ್ ಇದ್ದು, ಲೆವೆಲ್ ಡೂಮ್ 2ಕ್ಕೆ ಮಾಡಿದ್ದಾದರೆ ಕೂರೋಕೆ ಜಾಗವೇ ಸಿಗಲ್ಲ. ಡೂಮ್ 2 ಇಲ್ಲ ಅಂದ್ರೆ ಅದರ ಬದಲಿಗೆ ಹಾಕಬಹುದಾದ ಫ್ರೀಡೂಮ್ ಫೇಸ್ 2 ಪುಕ್ಕಟೆ ಸಿಗುತ್ತದೆ. ಗೋಡೆ, ರಾಕ್ಷಸರ ಚಿತ್ರ ಬೇರೆ ಇರುತ್ತವೆ, ಆದರೆ ಲೆವೆಲ್ ಓಡುತ್ತದೆ.

ಇನ್ನೊಂದು ಕಾರಣವೂ ಇರಬಹುದು. ಲೆವೆಲ್ ಮ್ಯಾಪ್07ರ ಜಾಗದಲ್ಲಿದ್ದರೆ ಆಟ ಮಾಮೂಲಿನಂತೆ ಮೊದಲಿಂದಲೇ ಶುರುವಾಗುತ್ತದೆ. ಕನ್ಸೋಲ್ (ಆಟದೊಳಗೆ ಆಜ್ಞೆ ಟೈಪ್ ಮಾಡೋ ಜಾಗ) ತೆರೆದು ಆ ಮ್ಯಾಪ್ ಹೆಸರು ಕೊಟ್ಟು ನೇರ ಹೋಗಬೇಕು.

ಯಾವ ಆಟ, ಯಾವ ಮ್ಯಾಪ್ ಅಂತ ವ್ಯಾಡ್ ಪಕ್ಕದ ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿರುತ್ತಾರೆ. ದಯವಿಟ್ಟು ಅದನ್ನು ಅಳಿಸಬೇಡಿ. ಯಾವ ಎಡಿಟರ್‌ನಲ್ಲಿ ಕಟ್ಟಿದ್ದು, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ತಪ್ಪು ಉಳಿದಿದೆ, ಎಲ್ಲವನ್ನೂ ಮಾಡಿದವರೇ ಹೇಳಿರುತ್ತಾರೆ. ನನಗಂತೂ ಕೆಲವು ಲೆವೆಲ್‌ಗಳಿಗಿಂತ ಆ ಪುಟವೇ ಜಾಸ್ತಿ ಇಷ್ಟ.

ಲೆವೆಲ್ ಓಡಿದ ಮೇಲೆ ಒಂದು ಕೆಲಸ ಮಾಡಿ: ಜಿಗಿಯೋದನ್ನೂ ಮೌಸ್‌ನಿಂದ ಮೇಲೆ ಕೆಳಗೆ ನೋಡೋದನ್ನೂ ಆಫ್ ಮಾಡಿ. ಮೂಲ ಡೂಮ್‌ನಲ್ಲಿ ಅವೆರಡೂ ಇರಲಿಲ್ಲ. ನೀಲಿ ಕೀ ಹುಡುಕಿ ಬರಲಿ ಅಂತ ಕಟ್ಟಿದ ಗಿಡ್ಡ ಗೋಡೆಯನ್ನು ನೀವು ಒಂದೇ ಜಿಗಿತಕ್ಕೆ ದಾಟಿದರೆ ಅರ್ಧ ಲೆವೆಲ್ ನೋಡೋದೇ ಇಲ್ಲ. ಆಗ ರಾಕ್ಷಸರ ಎತ್ತರಕ್ಕೂ ಮಿತಿ ಇರಲಿಲ್ಲ. ಕಟ್ಟೆಯ ಕೆಳಗೆ ಒಬ್ಬ ಅಂಟಿಕೊಂಡು ನಿಂತಿದ್ದರೆ ಮೇಲಿರುವ ನೀವು ಅವನ ತಲೆ ಮೇಲಿಂದ ದಾಟೋಕೆ ಆಗಲ್ಲ. ಇದನ್ನೇ ನಂಬಿ ಕಟ್ಟಿದ ಇಕ್ಕಟ್ಟಿನ ಜಾಗಗಳಿವೆ. ಡಿಎಸ್‌ಡಿಎ-ಡೂಮ್ ಎಂಬ ಇನ್ನೊಂದು ಎಂಜಿನ್‌ನಲ್ಲಿ ಕಂಪ್ಯಾಟಿಬಿಲಿಟಿ ಲೆವೆಲ್ (ಹಳೇ ನಡತೆ ಆರಿಸೋ ಸೆಟ್ಟಿಂಗ್) 2 ಇಟ್ಟರೆ ಡೂಮ್ 2ರ ಹಳೇ ನಡತೆ ಹಾಗೇ ಬರುತ್ತದೆ.

ಮೂಲ ಡೂಮ್ ಎಂಜಿನ್‌ನ ಮಿತಿ ಗೊತ್ತಾದರೆ ಹಳೇ ಲೆವೆಲ್ ಮೇಲೆ ಪ್ರೀತಿ ಹೆಚ್ಚುತ್ತದೆ. ನಮ್ಮ ಹುಬ್ಬಳ್ಳಿ ಸ್ಟೇಷನ್ನನ್ನೇ ಕಟ್ಟೋಣ ಅಂದ್ಕೊಳ್ಳಿ. 1507 ಮೀಟರ್ ಪ್ಲಾಟ್‌ಫಾರ್ಮನ್ನು ಉದ್ದಕ್ಕೆ ಎಳೆಯಬಹುದು. ಮೆಟ್ಟಿಲ ಸೇತುವೆಗೆ ಬಂದರೆ ಮುಗೀತು. ಒಂದು ಜಾಗಕ್ಕೆ ಒಂದೇ ನೆಲ, ಒಂದೇ ಚಾವಣಿ. ಸೇತುವೆ ಮೇಲೂ ಕೆಳಗೂ ನಡೆಯೋ ಹಾಗೆ ಮಾಡೋಕೆ ಬರಲ್ಲ. ಇಷ್ಟರಲ್ಲೇ ಅಭಿಮಾನಿಗಳು 1995ರ ಮೆಮೆಂಟೊ ಮೋರಿ, 2001ರ ಏಲಿಯನ್ ವೆಂಡೆಟ್ಟಾದಂಥ ಲೆವೆಲ್ ಸಂಗ್ರಹಗಳನ್ನು ಕಟ್ಟಿದರು ಅಲ್ವಾ! ಡೇರಿಯೊ ಮತ್ತು ಮೈಲೊ ಕಸಾಲಿ ಸಹೋದರರು ಅಭಿಮಾನಿಗಳಾಗಿ ಶುರು ಮಾಡಿ, 1996ರ ಅಧಿಕೃತ ಆಟ ಫೈನಲ್ ಡೂಮ್‌ನಲ್ಲಿ ಪ್ಲುಟೋನಿಯಾ ಎಂಬ ಇಡೀ ಭಾಗವನ್ನೇ ಕೊಟ್ಟರು.

ನಿಮ್ಮ ಸಿಡಿ ಓದಲಿಲ್ಲ ಅಂದ್ರೆ 2003ರ ಸೈಥ್ ಎಂಬ ಲೆವೆಲ್ ಸಂಗ್ರಹದಿಂದ ಶುರು ಮಾಡಿ. ಮೊದಲ ಲೆವೆಲ್‌ಗಳು ಚಿಕ್ಕವು, ಕೈ ಪಳಗುತ್ತದೆ. ಕೊನೆಯವು ಮಾತ್ರ ಬಹಳ ಕಠಿಣ, ಆಗಾಗ ಸೇವ್ ಮಾಡ್ತಾ ಹೋಗಿ.